ಪುಟ್ಟಿಲ್ಲು ಎಂದರೆ ಯಾವ ಮನೆ

ನವೆಂಬರ್ 3, ಬೆಳಿಗ್ಗೆ

ಐರನ್ ಮಾತ್ರೆ ನುಂಗಿ ಆಯಿತು. ಕಾಲು ಇವತ್ತೂ ಊದಿದೆ. ಫಣಿಯ ಚಪ್ಪಲಿ ಹಾಕಿಕೊಂಡೇ ಆಫೀಸಿಗೆ ಹೋಗಬೇಕು, ಗಂಡನದಾದರೇನಂತೆ.

ಎಂಟರೊಳಗೆ ಎರಡು ಫೋನ್. ಭೀಮಿಲಿಯಿಂದ ಅಮ್ಮ— ಸೀಮಂತಕ್ಕೆ ನಿನ್ನ ಚಿಕ್ಕಪ್ಪ ಬಂದ್ರೆ ಅಪ್ಪ ಬರೋಲ್ಲ. ವಿಜಯವಾಡದಿಂದ ಚಿಕ್ಕಮ್ಮ— ಅವರಿಗೋಸ್ಕರ ನಮ್ಮನ್ನ ಬಿಟ್ಟುಬಿಡ್ತೀಯಾ?

ಎಷ್ಟು ಸಲ ಬರೆದರೂ ಅಷ್ಟೇ. ಹೆತ್ತವಳು ಚಿಕ್ಕಮ್ಮ. ತನ್ನ ಅಕ್ಕನಿಗೆ, ಅಂದರೆ ಅಮ್ಮನಿಗೆ, ಮಕ್ಕಳಿಲ್ಲವೆಂದು ಹನ್ನೊಂದು ತಿಂಗಳ ನನ್ನನ್ನು ದತ್ತು ಕೊಟ್ಟಳು. ಇಪ್ಪತ್ತೈದು ವರ್ಷ ಎಲ್ಲರೂ ಚೆನ್ನಾಗಿಯೇ ಇದ್ದರು. ಆಮೇಲೆ ಚಿಕ್ಕಪ್ಪ ತಮ್ಮ ರಿಟೈರ್ಮೆಂಟ್ ಫಂಕ್ಷನ್ನಿನಲ್ಲಿ ಮೈಕ್ ಹಿಡಿದು “ಇವಳು ನನ್ನ ಹಿರೀಮಗಳು” ಎಂದರು. ಅಪ್ಪ ಎಲೆ ಮುಂದಿನಿಂದ ಎದ್ದು ಬಂದರು. ಒಂದು ಮೈಕಿಗೆ ನಾಲ್ಕು ವರ್ಷ ಮಾತಿಲ್ಲ. ತಲೆ ಚಿಟ್ಟು ಹಿಡಿಯುತ್ತದೆ.

ನವೆಂಬರ್ 9

ಸೀಮಂತ ಆಯಿತು. ಅಪ್ಪ, ಚಿಕ್ಕಪ್ಪ ಇಬ್ಬರೂ ಬರಲಿಲ್ಲ. ಅಮ್ಮ ಒಂದು ಕೈಗೆ, ಚಿಕ್ಕಮ್ಮ ಇನ್ನೊಂದು ಕೈಗೆ ಹಸಿರು ಬಳೆ ತೊಡಿಸಿದರು, ಮುಖ ಮುಖ ನೋಡದೆ.

ಅಷ್ಟರಲ್ಲಿ ನಮ್ಮತ್ತೆ ತೆಲುಗಿನಲ್ಲಿ, “ತೊಲಿ ಕಾನ್ಪು ಪುಟ್ಟಿಂಟ್ಲೋನೇ ಕದಮ್ಮಾ” ಎಂದರು. ಮೊದಲ ಹೆರಿಗೆ ತವರಿನಲ್ಲೇ ಅಲ್ಲವೇ ಎಂದು. ಪಾಪ, ಅವರದೇನು ತಪ್ಪು.

ಚಿಕ್ಕಮ್ಮ ಅದನ್ನೇ ಹಿಡಿದುಕೊಂಡಳು. “ಕೇಳಿದ್ಯಾ ಅಕ್ಕ? ಪುಟ್ಟಿಲ್ಲು. ಅಂದ್ರೆ ಹುಟ್ಟಿದ ಮನೆ. ಇವಳು ಹುಟ್ಟಿದ್ದು ವಿಜಯವಾಡದಲ್ಲಿ, ನಮ್ಮ ಭವಾನಿಪುರಂ ಮನೇಲಿ.”

“ನಮ್ಮ ಭಾಷೇಲಿ ತವರು ಅಂತೀವಿ ಸುಮಿತ್ರಾ,” ಅಮ್ಮ ಎಂದಳು.

“ಬೀಗಿತ್ತಿ ಹೇಳಿದ್ದು ತೆಲುಗಲ್ಲಿ.”

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ತವರು ಭೀಮಿಲಿ ಎಂದರೆ ಮುಗಿಯುತ್ತಿತ್ತು. ಚಿಕ್ಕಮ್ಮ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಬಳೆ ಎಣಿಸುತ್ತಾ ಕುಳಿತೆ.

ಅಮ್ಮ ಊಟ ಮಾಡದೆ ಹೊರಟುಹೋದಳು.

ನವೆಂಬರ್ 10

ಅಮ್ಮ ಫೋನ್ ಎತ್ತಲಿಲ್ಲ.

ನವೆಂಬರ್ 11

ಎತ್ತಲಿಲ್ಲ.

ಡಿಸೆಂಬರ್ 14, ಭವಾನಿಪುರಂ

ಬಂದು ವಾರವಾಯಿತು. ಅಮ್ಮ ಕರೆಯಲಿಲ್ಲ, ಚಿಕ್ಕಮ್ಮ ಟಿಕೆಟ್ ಮಾಡಿಸಿಬಿಟ್ಟಳು... ಅದೊಂದು ನೆಪ. ಬರುವುದಿಲ್ಲ ಎನ್ನಬಹುದಿತ್ತು.

ಕಾಲಿಗೆ ಎಣ್ಣೆ ತಿಕ್ಕುತ್ತಾಳೆ, ಲೋಟ ಎತ್ತಲೂ ಬಿಡುವುದಿಲ್ಲ. ಸಿಟ್ಟು ಮಾಡೋಣವೆಂದರೆ ಒಂದು ತಪ್ಪೂ ಸಿಗುವುದಿಲ್ಲ. ಅದಕ್ಕೇ ಇನ್ನೂ ಸಿಟ್ಟು. ಈ ಅಡುಗೆಮನೆಯಲ್ಲಿ ಚಮಚ ಎಲ್ಲಿಡುತ್ತಾರೆ ಎಂಬುದೂ ನನಗೆ ಗೊತ್ತಿಲ್ಲ.

ಇವತ್ತು ತಲೆ ಬಾಚುತ್ತಾ, “ಒಂದ್ಸಲ ಅಮ್ಮ ಅನ್ನೇ. ಇಲ್ಲಿ ಯಾರೂ ಇಲ್ವಲ್ಲ” ಎಂದಳು. ಕೇಳಿಸದವಳ ಹಾಗೆ ಕುಳಿತೆ. ಥೂ, ನಾನೂ ಎಂಥವಳು.

ಜನವರಿ 11, ಬೆಳಿಗ್ಗೆ 6.50

ನೋವು ಶುರುವಾಗಿದೆ. ಮೊದಲ ಸಲಕ್ಕೇ “ಅಮ್ಮಾ” ಎಂದು ಕೂಗಿಬಿಟ್ಟೆ. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು— “ಬಂದೆ ಕಣೆ, ಬಂದೆ.” ಅವಳ ಮುಖ ನೋಡಲಾಗಲಿಲ್ಲ. ಅಷ್ಟು ಖುಷಿ. ನಿನ್ನನ್ನು ಕರೆದದ್ದಲ್ಲ ಎಂದು ಹೇಗೆ ಹೇಳುವುದು.

7.05

ಚಿಕ್ಕಪ್ಪ ವಾಕಿಂಗಿಗೆ ಹೋಗಿದ್ದಾರೆ, ಆಟೋ ಕರೆಯಲು ಚಿಕ್ಕಮ್ಮನೇ ಕೆಳಗೆ ಹೋಗಿದ್ದಾಳೆ. ಭೀಮಿಲಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟಿದ್ದೇನೆ. ಬರೆಯುತ್ತಿದ್ದರೆ ನೋವು ತಡೆದುಕೊಳ್ಳಬಹುದು. ರಿಂಗಾಗುತ್ತಿದೆ...

ಎತ್ತಿದಳು. ಎರಡು ತಿಂಗಳಾದ ಮೇಲೆ.

“ಅಮ್ಮಾ” ಎಂದೆ.

“ಬಂದೆ ಕಣೆ”— ಮೆಟ್ಟಿಲಿನಿಂದ ಚಿಕ್ಕಮ್ಮ.

ಫೋನಿನಲ್ಲಿ ಅಮ್ಮನ ಉಸಿರು ಮಾತ್ರ. ನನ್ನ ಕೂಗಿಗೆ ಚಿಕ್ಕಮ್ಮ ಓಗೊಟ್ಟದ್ದು ಅವಳಿಗೂ ಕೇಳಿಸಿತು. ಇನ್ನೂ ಇಟ್ಟಿಲ್ಲ. ಚಿಕ್ಕಮ್ಮ ಬಾಗಿಲಿಗೆ ಬಂದಳು. ಈಗಲಾದರೂ ನಾನು ಕರೆದದ್ದು ಯಾರನ್ನು ಎಂದು ಹೇಳಲೇಬೇಕು—