ಅಕ್ಕಿ ಆಡು

ಮನೆಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಗಂಟಲು ಹೇಗಿದೆ? ಊರೂರು ತಿರುಗಿ ಹಾಡುವವಳು ತಣ್ಣೀರು ಕುಡಿಯಬೇಡ ಎಂದರೆ ನೀನೆಲ್ಲಿ ಕೇಳುತ್ತೀಯ, ಎಷ್ಟಾದರೂ ನನ್ನ ಮಗಳಲ್ಲವೇ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮೊಣಕಾಲು ನೋವು ಈಗ ಕಡಿಮೆ. ನನಗೆ ಮಾತ್ರ ಎರಡು ದಿನದಿಂದ ಊಟ ಸೇರುತ್ತಿಲ್ಲ, ಅದಕ್ಕೆ ಕಾರಣ ಹೊಟ್ಟೆಯಲ್ಲ.

ಸಿ.ಡಿ.ಗಳು ಬಂದಿವೆ. ಈ ಕಾಗದವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹಾಕುತ್ತೇನೆ. ನೀನು ಹೇಳಿದಂತೆ ಮೂಲ ಡಿಸ್ಕನ್ನು ಕಾಪಿ ಮಾಡುವ ಅಂಗಡಿಗೆ ನಾನೇ ಒಯ್ದಿದ್ದೆ. ಅಲ್ಲೊಂದು ಮೊಣಕಾಲೆತ್ತರದ ಯಂತ್ರ, ಅದರಲ್ಲಿ ಒಂದರ ಮೇಲೊಂದು ಟ್ರೇ. ಖಾಲಿ ಡಿಸ್ಕ್ ನುಂಗಿ, ಹಾಡು ತುಂಬಿ, ಬೆಚ್ಚಗೆ ಹೊರಗೆ ಹಾಕುತ್ತದೆ. ಅಂಗಡಿಯವನು ಮೊದಲು ಒಂದು ಮಾದರಿ ಪ್ರತಿ ಮಾಡಿ, ಹೊದಿಕೆಯ ಕಾಗದವನ್ನೂ ಕೈಗಿತ್ತು, "ಎರಡನ್ನೂ ನೋಡಿ ಓಕೆ ಅಂದ್ಬಿಡಿ ಸಾರ್, ಮಿಕ್ಕಿದ್ದೆಲ್ಲ ಹೀಗೇ ಬರುತ್ತೆ" ಎಂದ. ಕೇಳಲು ಹೆಡ್‌ಫೋನ್ ಕೊಟ್ಟ. ನಾನೋ ಅದನ್ನು ಕೊರಳಿಗೆ ನೇತುಹಾಕಿಕೊಂಡು ಹೊದಿಕೆ ಓದಲು ಕುಳಿತೆ. ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದಿದವನಿಗೆ ಕಣ್ಣಿದ್ದಷ್ಟು ಕಿವಿ ಇಲ್ಲ ನೋಡು.

ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ 'ಅಕ್ಕಿ ಆಡು' ಎಂದಿತ್ತು. ಅಂಗಡಿಯವನು ಕಿಸಕ್ಕನೆ ನಕ್ಕು, "ಅಕ್ಕಿನೂ ಇದೆ, ಆಡೂ ಇದೆ, ಅಡಿಗೆ ಪಾಠನಾ ಸಾರ್?" ಎಂದುಬಿಟ್ಟ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕರಡು ತಿದ್ದುವವನ ಮಗಳು ತನ್ನ ಮೊದಲ ಸಿ.ಡಿ.ಯ ಹೆಸರಲ್ಲೇ ಎರಡು ಹಕಾರ ನುಂಗಿದ್ದಾಳಲ್ಲ ಎಂದುಕೊಂಡು, ನಿನ್ನನ್ನೊಂದು ಮಾತು ಕೇಳದೆ, ಕೆಂಪು ಪೆನ್ನಿನಿಂದ 'ಹಕ್ಕಿ ಹಾಡು' ಎಂದು ತಿದ್ದಿ ಓಕೆ ಬರೆದುಕೊಟ್ಟೆ. ಏನೋ ಘನಂದಾರಿ ಕೆಲಸ ಮಾಡಿದವನಂತೆ ಮನೆಗೆ ಬಂದೆ.

ಪೆಟ್ಟಿಗೆ ಬಂದ ಮೇಲೆ ಒಬ್ಬನೇ ಕುಳಿತು ಡಿಸ್ಕ್ ಕೇಳಿದೆ. ಅಷ್ಟೂ ನಿನ್ನ ಅಮ್ಮ ಬಟ್ಟೆ ಮಡಚುತ್ತಾ, ನಿನ್ನನ್ನು ಮಲಗಿಸುತ್ತಾ ತಾನೇ ಕಟ್ಟಿ ಹಾಡುತ್ತಿದ್ದ ಹಾಡುಗಳು. ಅವಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹಕ್ಕಿ ಹಾರಿ ಬಂದರೆ ಅದು 'ಅಕ್ಕಿ ಆರಿ ಬಂತು'. ನೀನು ಬೇಕೆಂದೇ ಹಾಗೆಯೇ ಹಾಡಿದ್ದೀಯ, ಎಷ್ಟು ಅಕ್ಕರೆಯಿಂದ! ಅದೇ ಹಾಡಿಗೆ ನಾನು ಒಮ್ಮೆ ನೆಂಟರ ಮುಂದೆ, "ಅಕ್ಕಿ ಆರಿದ್ರೆ ಡಬ್ಬಿಗೆ ತುಂಬು" ಎಂದು ಗೇಲಿ ಮಾಡಿದ್ದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ನಾನು ಮನೆಯಲ್ಲಿರುವಾಗ ಅವಳು ಹಾಡಿದ್ದೇ ಇಲ್ಲ. ನಾನೂ ಯಾಕೆಂದು ಕೇಳಲಿಲ್ಲ. ನಾಚಿಕೆಯಾಗುತ್ತಿದೆ ಮಗಳೇ, ನಿನಗೆ ಬರೆಯಲಿಕ್ಕೂ ನಾಚಿಕೆ. ನೀನಿಟ್ಟ ಹೆಸರಿನಲ್ಲೇ ಹೊಸ ಹೊದಿಕೆ ಅಚ್ಚಾಗುತ್ತಿದೆ, ಶುಕ್ರವಾರದೊಳಗೆ ತಲುಪಿಸುತ್ತೇನೆ. ಡಿಸ್ಕಿನ ಮೈಮೇಲೂ ಅಚ್ಚಾಗಿಬಿಟ್ಟ ನನ್ನ ತಿದ್ದುಪಡಿಯನ್ನು ಮಾತ್ರ ಅಳಿಸಲಾಗದಂತೆ.

ಭಾನುವಾರದ ಬಿಡುಗಡೆಗೆ ಇಬ್ಬರೂ ಬರುತ್ತೇವೆ. ನಿನ್ನ ತಂಡದವರನ್ನೆಲ್ಲ ಕೇಳಿದೆನೆಂದು ಹೇಳು. ನಿನ್ನ ದನಿ ತುಂಬಿಕೊಂಡಿರಲಿ, ಹೋದಲ್ಲೆಲ್ಲ ಕೇಳುವ ಕಿವಿಗಳು ಸಿಗಲಿ.

ನಿನ್ನ
ಅಪ್ಪ

ಒಂದು ಮಾತು ಬಿಟ್ಟೆ. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಏನು ಹೆಸರಿಡುತ್ತೀಯೆಂದು ನೀನು ಅಮ್ಮನಿಗೆ ಮೊದಲೇ ಹೇಳಿದ್ದೆಯಂತೆ. ಹೊದಿಕೆ ನೋಡಿದವಳೇ, "ಮಗಳಿಗೆ ನಾಚಿಕೆ ಆಗಿರ್ಬೇಕು, ಸರಿ ಮಾಡ್ಕೊಂಡಿದ್ದಾಳೆ" ಎಂದು, ಡಿಸ್ಕ್ ಕೇಳದೆ ಎದ್ದು ಹೋದಳು. ತಿದ್ದಿದ್ದು ನೀನೇ ಎಂದುಕೊಂಡಿದ್ದಾಳೆ. ನಾನು ಬಾಯಿ ಬಿಡಲಿಲ್ಲ. ಈಗ ಅಡಿಗೆಮನೆಯಲ್ಲಿ ಒಬ್ಬಳೇ 'ಹಕ್ಕಿ, ಹಕ್ಕಿ' ಎಂದು ಅಭ್ಯಾಸ ಮಾಡುತ್ತಿದ್ದಾಳೆ. ಯಾಕೆ ಎಂದು ಕೇಳಿದರೆ, "ಬಾನುವಾರ ಅವಳ ಜನ ಇರ್ತಾರಲ್ಲ, ನನ್ನಿಂದ ಅವಳಿಗೆ ಮುಜುಗರ ಆಗ್ಬಾರ್ದು" ಅಂದಳು. ಇದೀಗ ಅವಳ ಬಾಯಲ್ಲಿ ಹಕಾರ ಸರಿಯಾಗಿಯೇ ಬಂತು. ಡಿಸ್ಕ್ ತೆಗೆದುಕೊಂಡು ಒಳಗೆ ಹೋಗುತ್ತಿದ್ದೇನೆ.