ಹುಳುಮನೆಯ ಬೀಗದ ಕೈ

ದೇವರಾಯಸಮುದ್ರ
ಭಾನುವಾರ, 15 ಜೂನ್ 2025

ಚಿ. ಅನಿತಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಆ ಕೇಂದ್ರದಲ್ಲಿ ಥರ್ಮಾಮೀಟರ್ ಇತ್ತು ಕಣಮ್ಮಾ. ನೆನ್ನೆ ಫೋನಿನಲ್ಲಿ ನೀನು ಕೇಳೋ ಹೊತ್ತಿಗೆ ಲೈನು ಹೋಯಿತು. ಇತ್ತು, ಆದರೆ ಕವರಿನಿಂದ ಆಚೆ ತೆಗೆದೇ ಇರಲಿಲ್ಲ. ಬಿ.ಪಿ. ಮಿಷನ್ನೂ ಇತ್ತು, ಅದರ ಸೆಲ್ಲು ಟಿ.ವಿ. ರಿಮೋಟಿನಲ್ಲಿತ್ತು. ಜಿಲ್ಲೆಯಿಂದ ಪರಿಶೀಲನೆಗೆ ಬಂದ ಡಾಕ್ಟರ್ ಮೇಡಂ ಕೇಳಿದಾಗ ಮ್ಯಾನೇಜರ್ ಗಂಗಾಧರ್ ರಿಮೋಟನ್ನೇ ಬಿಚ್ಚಿ ತೋರಿಸಿದನಂತೆ.

ಮೊದಲು ಕ್ಷೇಮ ಸಮಾಚಾರ ಬರೆಯಬೇಕಿತ್ತು. ಮಂಡಿನೋವು ಬಿಟ್ಟರೆ ನಾನು ಚೆನ್ನಾಗಿದೀನಿ. ಮೂರು ತಿಂಗಳಿಂದ ಬರೀತೀನಿ ಬರೀತೀನಿ ಅಂದುಕೊಂಡು ಬರೆಯಲಿಲ್ಲ, ಬೇಜಾರು ಮಾಡ್ಕೋಬೇಡ. ಇದು ಎರಡನೇ ಹಾಳೆ. ಹನ್ನೊಂದು ವರ್ಷದ ಅಭ್ಯಾಸ ನೋಡು, ಮೊದಲನೆಯದರಲ್ಲಿ ಕೈ ತಾನಾಗೇ ‘ಚಿ. ಸೌ.’ ಅಂತ ಬರೆದುಬಿಟ್ಟಿತು. ಮುರಳಿ ಇಲ್ಲ ಅನ್ನೋದು ಆಮೇಲೆ ನೆನಪಾಯಿತು. ಆ ‘ಸೌ’ ಹೊಡೆದು ಹಾಕೋಕೆ ಆಗಲಿಲ್ಲ, ಹಾಳೆಯನ್ನೇ ಹರಿದೆ.

ಮುರಳಿ ಸಾವಿನ ವಿಚಾರಣೆಗೆ ಗುರುವಾರ ಕೋಲಾರದಲ್ಲಿ ನನ್ನ ಹೇಳಿಕೆ ತಗೋತಾರೆ. ನೀನು ಮಾಲೂರಿಂದ ನೇರ ಬಂದು ನನ್ನ ಪಕ್ಕ ಕೂತ್ಕೋತೀನಿ ಅಂದೆ. ಅದಕ್ಕೆ ಮುಂಚೆ ಈ ಕಾಗದ ನಿನಗೆ ಸಿಗಬೇಕು. ಟೊಮೇಟೊ ಲಾರಿ ಓಡಿಸೋ ಕದಿರೇಶ ನಾಳೆ ಮಾಲೂರಿಗೆ ಹೋಗ್ತಾನೆ, ಅವನ ಕೈಲಿ ಕಳಿಸ್ತೀನಿ. ಹೇಳಿಕೆಯನ್ನು ಇಂಗ್ಲಿಷಿನಲ್ಲೇ ಬರೆಯೋಣ ಅಂತ ಕೂತೆ. ‘ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್ ಅಂಡ್’ ಅಂತ ಶುರು ಮಾಡಿದೆ. ‘ಅಂಡ್’ ಆದಮೇಲೆ ಏನೋ ಇತ್ತು, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಬರಲೇ ಇಲ್ಲ.

ಆ ಕುಡಿತ ಬಿಡಿಸೋ ಕೇಂದ್ರದ ಒಳಗೆ ನೀನು ಹೋಗಿಲ್ಲ. ಶ್ರೀನಿವಾಸಪುರ ದಾಟಿದ ಮೇಲೆ, ಮೊದಲು ಮಾವಿನ ಮಂಡಿಯಾಗಿದ್ದ ಶೆಡ್ಡು. ಈಗಲೂ ಒಣಹುಲ್ಲಿನ ವಾಸನೆ. ಮೇಡಂ ನನಗೆ ರಿಜಿಸ್ಟರ್ ತೋರಿಸಿದರು. ಹದಿನೈದು ದಿನಕ್ಕೊಮ್ಮೆ ಬರೋ ಡಾಕ್ಟರು ಇಡೀ ತಿಂಗಳ ಸಹಿ ಒಂದೇ ಸಲ ಹಾಕಿ ಹೋಗಿದ್ದರು. ಮಾರ್ಚ್ ಹನ್ನೆರಡಕ್ಕೆ ಮುರಳಿ ಹೋದ. ಅವನ ಹೆಸರಿನ ಮುಂದೆ ಮೂವತ್ತೊಂದರವರೆಗೂ ‘ಆರೋಗ್ಯವಾಗಿದ್ದಾರೆ’ ಅಂತಿದೆ. ಸತ್ತ ಮೇಲೂ ಹತ್ತೊಂಬತ್ತು ದಿನ ನಿನ್ನ ಗಂಡ ಆರೋಗ್ಯವಾಗಿದ್ದ ಅನಿತಾ. ಆ ಸಾಲು ಕಣ್ಣು ಮುಚ್ಚಿದರೂ ಕಾಣುತ್ತೆ.

ಇನ್ನೊಂದು ಸಮಾಚಾರ. ಹಿತ್ತಲಿನ ಹುಳುಮನೆಯಲ್ಲಿ ದಿನಾ ನಾಲ್ಕು ಗಂಟೆ ಹೊತ್ತಿಗೆ ತಟ್ಟೆ ಅದುರೋ ಸದ್ದು ಬರುತ್ತೆ. ಮಾರ್ಚಿನಿಂದ ನಾನು ರೇಷ್ಮೆಹುಳು ಸಾಕಿಲ್ಲ, ಸ್ಟ್ಯಾಂಡಿನಲ್ಲಿ ಖಾಲಿ ತಟ್ಟೆಗಳಷ್ಟೇ. ಪಕ್ಕದ ಮನೆ ಮುನಿಯಲ್ಲಪ್ಪ, “ಇಲಿ ಕಣಣ್ಣೋ, ಬೀಗ ತೆಗಿ, ನೋಡೇಬಿಡೋಣ. ದೆವ್ವ ಆದ್ರೂ ನಿನ್ನ ಇಂಗ್ಲಿಷ್ ಕೇಳಿ ಓಡೋಗ್ತದೆ,” ಅಂದ. ಬೀಗದ ಕೈ ಕಳೆದುಹೋಗಿದೆ ಅಂದೆ. ಅದು ನನ್ನ ಜೇಬಲ್ಲೇ ಇತ್ತು.

ಶುಕ್ರವಾರ ಗಂಗಾಧರ್ ಬಂದಿದ್ದ. ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಬೇರೆ.

“ಡಾಕ್ಟ್ರು ಇರಬೇಕಂತೆ, ನರ್ಸ್ ಇರಬೇಕಂತೆ, ಸೇರಿಸ್ಕೊಳ್ಳೋ ಮುಂಚೆ ಪರೀಕ್ಷೆ ಮಾಡಬೇಕಂತೆ. ನಾವು ಮಾಡ್ತಿರೋದು ಸೇವೆ ಸಾರ್, ಆಸ್ಪತ್ರೆ ಅಲ್ಲ,” ಅಂದ.

“ಈಗ ಒಳಗೆ ಎಷ್ಟು ಜನ ಇದಾರಪ್ಪಾ?”

“ಹದಿನಾಲ್ಕು.”

ಆಮೇಲೆ ದನಿ ತಗ್ಗಿಸಿದ. “ನಿಮ್ಮ ಕೈಬರಹದ ಫಾರಮ್ಮು ನನ್ನ ಹತ್ರ ಇದೆ ಸಾರ್. ಗುರುವಾರ ನೀವು ಡಾಕ್ಟ್ರ ವಿಷಯ ಎತ್ತಬೇಡಿ, ನಾನು ಆ ಹಾಳೆ ಎತ್ತಲ್ಲ. ಮಗಳ ಮುಂದೆ ಯಾಕೆ ಬೇಕು?”

ಬುಟ್ಟಿ ವಾಪಸ್ ಕೊಟ್ಟೆ. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ನನ್ನ ಕೆಲಸ ಏನು ಅಂತ ನಿನಗೆ ಗೊತ್ತು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಮೈಕ್ರೋಸ್ಕೋಪಿನಲ್ಲಿ ಗಂಟುರೋಗ ಇಲ್ಲ ಅಂತ ಕಣ್ಣಾರೆ ಕಂಡ ಮೇಲೇ ‘ಇಲ್ಲ’ ಅಂತ ಬರೆಯೋದು. ಅನುಮಾನ ಬಂದರೆ ಆ ಮೊಟ್ಟೆಯೆಲ್ಲ ಬೆಂಕಿಗೆ. ರೈತರು ಕಾಲಿಗೆ ಬಿದ್ದರೂ ಸುಳ್ಳು ‘ಇಲ್ಲ’ ಬರೆದವನಲ್ಲ. ನಿಮ್ಮಮ್ಮ ಇದ್ದಾಗ, “ಹುಳಾನ ನೋಡೋ ಥರ ನನ್ನನ್ನೂ ಒಂದು ದಿನ ನೋಡ್ರೀ,” ಅಂತ ಆಡಿಕೊಳ್ಳೋಳು. ಅವಳಿದ್ದಿದ್ದರೆ ಆವತ್ತು ಪೆನ್ನು ನನ್ನ ಕೈಗೆ ಕೊಡ್ತಿರಲಿಲ್ಲ.

ಗುರುವಾರ ಡಾಕ್ಟರ ವಿಷಯ ಎತ್ತೇ ಎತ್ತುತೀನಿ. ಆ ಹದಿನಾಲ್ಕು ಜನರ ಮನೆಯವರೂ ಗೇಟಿನ ಹತ್ರ ನಿಂತು ನನ್ನ ಥರಾನೇ ನಿಟ್ಟುಸಿರು ಬಿಟ್ಟು ಹೋಗಿರ್ತಾರೆ. ಗಂಗಾಧರ್ ಹಾಳೆ ಎತ್ತಲಿ. ಅವನ ಬಾಯಿಂದ ನೀನು ಕೇಳೋದು ಬೇಡ ಅಂತಲೇ ಬರೆಯೋಕೆ ಕೂತದ್ದು, ಆದರೆ ಥರ್ಮಾಮೀಟರು, ರಿಮೋಟು ಅಂತ ಏನೇನೋ ಬರೆದೆ. ಹೊರಗೆ ಕೆರೆ ಏರಿ ಕಪ್ಪಾಗ್ತಿದೆ. ಅಕ್ಷರ ಸರಿಯಾಗಿ ಕಾಣ್ತಿಲ್ಲ. ಬೆಳಕು ಹೋಗ್ತಾ ಇದೆ, ನಿಲ್ಲಿಸ್ತೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ
ಕದಿರಪ್ಪ

ಮ.ವಿ.: ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಸಂಕ್ರಾಂತಿ ಕಳೆದ ಮೇಲೆ ಮುರಳಿ ಇಲ್ಲಿಗೆ ಬಂದಿದ್ದನಲ್ಲ, ಎರಡು ದಿನ ಒಂದು ತೊಟ್ಟೂ ಮುಟ್ಟಿರಲಿಲ್ಲ. ಎರಡನೇ ದಿನ ನಾಲ್ಕು ಗಂಟೆಗೆ ಹುಳುಮನೆಯಲ್ಲಿ ಸೊಪ್ಪು ಹಾಕ್ತಾ ಹಾಕ್ತಾ ಬಿದ್ದ. ಫಿಟ್ಸು. ಅವನ ಕಾಲು ಬಡಿದು ತಟ್ಟೆಗಳೆಲ್ಲ ಅದುರಿದವು. ಕಬ್ಬಿಣ ಹಿಡಿಸಬೇಕು ಅಂತ ಹಿರಿಯರು ಮಾಡ್ತಿದ್ದ ಹಾಗೇ ಬೀಗದ ಕೈ ಅವನ ಮುಷ್ಟಿಯಲ್ಲಿಟ್ಟೆ. ಎಚ್ಚರ ಆದಮೇಲೆ, “ಮಾಮಯ್ಯಾ, ಅನಿತಕಿ ಚೆಪ್ಪೊದ್ದು,” ಅಂದ. ಹೇಳಬೇಡ ಅಂದನಲ್ಲ, ನಾನು ನಿನಗೆ ಹೇಳಲಿಲ್ಲ.

ಸೇರಿಸೋ ದಿನ ಫಾರಮ್ಮಿನಲ್ಲಿ ‘ಹಿಂದೆ ಫಿಟ್ಸ್ ಬಂದಿದೆಯೇ’ ಅಂತ ಇತ್ತು. “ಹೌದು ಅಂದ್ರೆ ನಾವು ಸೇರಿಸ್ಕೊಳ್ಳಲ್ಲ ಸಾರ್, ದೊಡ್ಡಾಸ್ಪತ್ರೆಗೇ ಹೋಗಬೇಕು,” ಅಂದ ಗಂಗಾಧರ್. ದೊಡ್ಡಾಸ್ಪತ್ರೆ ತುಂಬ ನಮ್ಮ ಬಳಗದವರು, ಮಾನ ಹೋಗುತ್ತೆ ಅನ್ನಿಸಿತು. ‘ಇಲ್ಲ’ ಅಂತ ಬರೆದೆ. ಮುರಳಿ ಪಕ್ಕದಲ್ಲೇ ನಿಂತು ನೋಡಿದ. ಮೂರನೇ ದಿನ ಫಿಟ್ಸ್ ಬಂದು ಅವನು ಬಿದ್ದಾಗ ಆ ಕಾಗದ ನೋಡಿಯೇ ನಾಟಕ ಅಂದುಕೊಂಡು ಹಾಗೇ ಬಿಟ್ಟರಂತೆ. ಗುರುವಾರ ಇದನ್ನೂ ಹೇಳ್ತೀನಿ. ನೀನು ನನ್ನ ಪಕ್ಕ ಕೂತ್ಕೋಬೇಕು ಅಂತೇನಿಲ್ಲ.

ಕವರು ಭಾರ ಇದೆ ಅಂತ ಗಾಬರಿಯಾಗಬೇಡ. ಒಳಗಿರೋದು ಆ ಬೀಗದ ಕೈ. ಆವತ್ತು ಅವನ ಮುಷ್ಟಿಯಿಂದ ಒಂದೊಂದೇ ಬೆರಳು ಬಿಡಿಸಿ ತಗೊಂಡದ್ದು.