ಮೊದಲು ಜಾಗ, ಆಮೇಲೆ ಹೆಸರು

ತೇಲುಕೇರಿ, ಮುಳುಗಿದ ಹೊನ್ನಾವರದ ಮೇಲಿನ ನೀರು.
ನೀರೆಣಿಕೆಯ ಇನ್ನೂರ ಹದಿನಾಲ್ಕನೆಯ ವರ್ಷ, ಎರಡನೆಯ ಶ್ರಾವಣದ ಮೂವತ್ತೆಂಟನೆಯ ದಿನ.

ವಿಹಾರದ ದೋಣಿ ನಡೆಸುವ ದಾಮೋದರ ಹರಿಕಂತ್ರನಿಗೆ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸು. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಅಪಾಯದ ಕರೆಗಳಿಂದ. ಕಾಪಾಡಿ, ಬೇಗ ಬನ್ನಿ, ನೀರು ನುಗ್ಗಿತು, ಇವೆಲ್ಲ ಚೆನ್ನಾಗಿ ಬರುತ್ತವೆ. ಮದುವೆಮನೆಯಲ್ಲಿ ನೀವು ಏನು ಮಾತಾಡಿಕೊಳ್ಳುತ್ತಿದ್ದಿರೋ ತಿಳಿಯದು. ಕಾಲದ ಲೆಕ್ಕ ಹಿಡಿದರೆ ನೀನು ನನ್ನ ಮುತ್ತಜ್ಜನಿಗೂ ಹಿರಿಯ. ದನಿ ಕೇಳಿದರೆ ನನ್ನ ಕಿರಿಯ ತಮ್ಮನ ಹಾಗಿದ್ದೀಯ. ತಮ್ಮಾ ಎಂದೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನನ್ನ ಕೆಲಸ ಹಿಂಗಿವಿಯ ಮುಂದೆ ಕೂರುವುದು. ಹಿಂಗಿವಿ ಎಂದರೆ ಹಳೆಯ ಕಾಲದ ವೈರ್‌ಲೆಸ್ ಮಾತುಗಳನ್ನು ಹಿಡಿದು ಕೇಳಿಸುವ ಯಂತ್ರ. ಅದಕ್ಕೆ ಕಿವಿ ಇದೆ, ಬಾಯಿಲ್ಲ. ನಿನ್ನ ಕರೆಯನ್ನು ಅದರಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೀನು ಇನ್ನೂ ಮಾಡದ ಕರೆ ಅದು. ಬರುವ ಆಯುಧಪೂಜೆಯ ಮರುದಿನ ಮಾಡುತ್ತೀಯ.

ಹುಬ್ಬಳ್ಳಿಯ ಒಂದು ಕುಟುಂಬ ನಿನ್ನ ದೋಣಿ ಹತ್ತುತ್ತದೆ. ಪಾಪ, ದೂರದಿಂದ ಬಂದವರು, ಡಾಲ್ಫಿನ್ ತೋರಿಸೋಣವೆಂದು ನದಿ ಕಡಲು ಸೇರುವ ಅಳಿವೆಯ ದಿನದ ದಾರಿ ಬಿಟ್ಟು ಕೋಟೆಯಿರುವ ದ್ವೀಪದ ಹಿಂದಕ್ಕೆ ಹೋಗುತ್ತೀಯ. ಮೀನು ಹಾರಿದ್ದೇ ತಡ, ಎಲ್ಲರೂ ಫೋಟೋಗೆಂದು ಒಂದೇ ಬದಿಗೆ ನುಗ್ಗುತ್ತಾರೆ. ದೋಣಿ ವಾಲಿ ನೀರು ತುಂಬುತ್ತದೆ. ನೀನು ವೈರ್‌ಲೆಸ್ಸಿನ ಗುಂಡಿ ಒತ್ತಿ ಕೂಗುತ್ತೀಯ: “ನಾ ದಾಮೋದರ, ಕಾಸರಕೋಡಿನ ಶಾಣಪ್ಪನ ಅಳಿಯ! ದೋಣಿ ವಾಲ್ತಾ ಅದೆ, ಬೇಗ ಬನ್ನಿ ಮಾರಾಯ್ರೆ!” ಮತ್ತೆ ಅದನ್ನೇ ಹೇಳುತ್ತೀಯ. ಮತ್ತೂ ಅದನ್ನೇ.

ಯಾರ ಅಳಿಯ ಎಂಬುದು ದಡಕ್ಕೆಲ್ಲ ಗೊತ್ತು ತಮ್ಮಾ. ಎಲ್ಲಿದ್ದೀಯ ಎಂಬುದು ಗೊತ್ತಿಲ್ಲ. ದಡದ ಕೇಂದ್ರದ ಪಾಂಡುರಂಗ ಗಂಟಲು ಹರಿದುಕೊಂಡು ಅದನ್ನೇ ಕೇಳುತ್ತಿದ್ದಾನೆ, “ಎಲ್ಲಿದ್ದೀಯ ಹೇಳೋ, ಜಾಗ ಹೇಳೋ!” ನೀನು ಗುಂಡಿ ಬಿಡುವುದೇ ಇಲ್ಲ. ಗುಂಡಿ ಒತ್ತಿರುವಷ್ಟು ಹೊತ್ತು ನಿನ್ನ ಕಿವಿಗೆ ಅವನ ಮಾತು ಬೀಳದು. ಹಿಂಗಿವಿಯಲ್ಲಿ ಇಬ್ಬರದೂ ಕೇಳುತ್ತದೆ. ನನಗೆ ಮಾತ್ರ ಕೇಳುತ್ತದೆ.

ನಿನ್ನ ಬೆನ್ನ ಹಿಂದೆ ಒಬ್ಬ ಹೆಂಗಸಿನ ದನಿಯಿದೆ. ದಡದವರ ಯಂತ್ರಕ್ಕೆ ಸಿಗದಷ್ಟು ಸಣ್ಣದು. “ಈ ಕವರ್ ಹರೀವಲ್ದೋ ಯಪ್ಪಾ,” ಎನ್ನುತ್ತಾಳೆ. ಹೊಸ ಲೈಫ್ ಜಾಕೆಟ್‌ಗಳಿಗೆ ಹಿಂದಿನ ದಿನದ ಪೂಜೆಗೆ ಹೂವು ಮುಡಿಸಿ, ಕುಂಕುಮ ಹಚ್ಚಿ, ಮಾಸಿಹೋಗುತ್ತವೆಂದು ಪ್ಲಾಸ್ಟಿಕ್ ಕವರಿನಲ್ಲೇ ಕಟ್ಟಿ ಇಟ್ಟಿರುತ್ತೀರಿ. ಮಾಸಿದರೆ ಮಾಸಲಿ ಎಂದು ಬಿಡಬಾರದಿತ್ತೇ? ಆಮೇಲೆ ಅವಳೇ ಹೇಳುತ್ತಾಳೆ, “ಅಲ್ಲೆ ಕ್ವಾಟಿ ಗ್ವಾಡಿ ಕಾಣಾಕತ್ತೈತಿ, ಆ ಕಡೆ ಹೊಡೀರಲಾ.” ಕೋಟೆಯ ಗೋಡೆ! ದ್ವೀಪದ ಹಿಂಬದಿ! ಕೇಳಿದಾಗಲೆಲ್ಲ ನಾನು ಯಂತ್ರದ ಮುಂದೆ ಕಿರುಚಿದ್ದೇನೆ, ಅಳಿವೆಗಲ್ಲ, ದ್ವೀಪಕ್ಕೆ ಹೋಗಿ ಎಂದು. ಕಾಪಾಡಲು ಹೊರಟ ದೋಣಿಗಳು ಅಳಿವೆಗೇ ಹೋಗುತ್ತವೆ. “ಇಲ್ಲಿ ಯಾರೂ ಇಲ್ವಲ್ಲ,” ಎನ್ನುತ್ತಾನೆ ಅಲ್ಲಿಗೆ ಹೋದವನು. ಅಷ್ಟರಲ್ಲಿ ನಿನ್ನ ದನಿ ನಿಲ್ಲುತ್ತದೆ.

ನಮ್ಮಲ್ಲಿ ಅಡುಗೆಮನೆಯೂ ತೇಲುತ್ತದೆ. ಒಲೆಯ ಪಕ್ಕ ಹಗ್ಗದ ಸುರುಳಿ ಇರುತ್ತದೆ. ನೆರೆಮನೆಗೆ ಮಜ್ಜಿಗೆ ಕೇಳಲು ಹೋಗುವಾಗಲೂ ತೇಲಂಗಿ ತೊಡುತ್ತೇವೆ. ಅದು ಮುಳುಗಲು ಬಿಡದ ಅಂಗಿ. ಮದುಮಗಳ ತೇಲಂಗಿಗೆ ಜರಿ ಹಾಕಿಸುತ್ತಾರೆ. ಎಲ್ಲರದೂ ಮಾಸಿದೆ, ಬೆವರು ನಾರುತ್ತದೆ, ಯಾರೂ ಮೂಗು ಮುರಿಯುವುದಿಲ್ಲ. ದೋಣಿಯಲ್ಲಿ ಒಬ್ಬರು ಎದ್ದರೆ ಎದುರಿನವರು ಕೂರುತ್ತಾರೆ. ಬಾಗಿಲು ತಟ್ಟಿದವರು ಮೊದಲು ಜಾಗ ಹೇಳಿ ಆಮೇಲೆ ಹೆಸರು ಹೇಳುತ್ತಾರೆ, ಹೇಳಿ ಸುಮ್ಮನಾಗಿ ಒಳಗಿನ ಮಾತಿಗೆ ಕಾಯುತ್ತಾರೆ. ತೊದಲು ಮಕ್ಕಳಿಗೂ ಇದೇ ಮೊದಲ ಪಾಠ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಮ್ಮ ಒಲೆ ಈಗ ಚೆನ್ನಾಗಿ ಉರಿಯುತ್ತಿದೆ, ನಿನಗೇನು ಬಂತು?

ಇಂಥ ಕಾಗದಗಳನ್ನು ತಾಮ್ರದ ಕೊಳವೆಯಲ್ಲಿಟ್ಟು ಇಳಿತದ ನೀರಿಗೆ ಬಿಡುವುದು ನಮ್ಮ ರೂಢಿ. ಮುಟ್ಟುತ್ತದೆಂದು ಯಾರೂ ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಮುಟ್ಟಿದ್ದರೆ ನಿನ್ನ ಕರೆ ಬದಲಾಗಬೇಕಿತ್ತು, ಮತ್ತು ಇದು ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದವಲ್ಲ. ಆದರೂ ಬರೆಯದೆ ಇರಲಾರೆ. ನನ್ನ ಕೈಯಲ್ಲಿ ಆಗುವುದು ಇಷ್ಟೇ.

ಕವರ್ ಇವತ್ತೇ ಹರಿದುಹಾಕು. ಕೂಗುವಾಗ ಮಾವನ ಹೆಸರು ಬಿಡು, ಕೋಟೆಯ ಹೆಸರು ಹೇಳು. ಹೇಳಿ ಗುಂಡಿಯಿಂದ ಬೆರಳು ತೆಗಿ. ಪಾಂಡುರಂಗ ಅಲ್ಲೇ ಇದ್ದಾನೆ, ತಮ್ಮಾ.

ನಾಳೆ ಬೆಳಿಗ್ಗೆ ಮತ್ತೆ ಕೇಳಲು ಕೂರುತ್ತೇನೆ. ನೀನು ಬೆರಳು ತೆಗೆದರೆ ನಿನ್ನ ಕೂಗಿನ ನಡುವೆ ಒಂದು ಉಸಿರಿನಷ್ಟು ಮೌನ ಬರಬೇಕು. ಇಲ್ಲಿಯವರೆಗೆ ಬಂದಿಲ್ಲ.

ಮೂರನೆಯ ಲಂಗರು, ಬಿಳಿ ಬಾಗಿಲಿನ ಮನೆ.
ಶೇವಂತಿ.